ಹೊಳೆಯಿಲ್ಲದ ಅಳಿವೆ

ಸುಲಭದ ದಾರಿ, ಅಂದಳು ಮಾರಿವಿಕ್.
ಹೋಗಿಬರಲು ಹದಿನೆಂಟು ಕಿಲೋಮೀಟರು, ಏರಿಲ್ಲ, ಇಳಿಜಾರಿಲ್ಲ,
ಎಡಕ್ಕೆ ಖೋರ್, ಬಲಕ್ಕೆ ಉಪ್ಪುಬಯಲು,
ತಪ್ಪಿಹೋಗೋಣವೆಂದರೂ ತಿರುವೇ ಇಲ್ಲ.

ನನಗೆ ನಲವತ್ತನಾಲ್ಕು.
ರಾತ್ರಿಯಿಡೀ ಯಾರ್‍ಯಾರದೋ ಸಕ್ಕರೆ, ಕೊಬ್ಬು, ಕಬ್ಬಿಣದಂಶ
ಚೀಟಿಯಲ್ಲಿ ಬರೆದಿಟ್ಟು ಬಂದವಳು.
ಸೈಕಲ್ಲು ಕಿರಾಣಿ ಮೊಫಿಜುಲನದು, ನೂರಿಪ್ಪತ್ತು ದಿರ್ಹಮಿಗೆ;
ಬುಟ್ಟಿಯಲ್ಲಿ ಇನ್ನೂ ಕೊತ್ತಂಬರಿ ವಾಸನೆ.

ಗಂಗೊಳ್ಳಿಯಲ್ಲಿ ನಾನು ಕ್ಯಾರಿಯರಿನವಳು.
ಅಣ್ಣ ತುಳಿಯುವುದು,
ನಾನು ಬಂಗುಡೆಯ ಬುಟ್ಟಿ ಮಡಿಲಲ್ಲಿಟ್ಟು ಅಡ್ಡ ಕೂರುವುದು.
ದಾರಿ ಅಂದರೆ ಅವನ ಅಂಗಿಯ ಬೆವರಿನ ನಕ್ಷೆ.
ಹ್ಯಾಂಡಲು ಹಿಡಿದದ್ದು ಈ ಚಳಿಗಾಲ,
ಕ್ಲಿನಿಕ್ಕಿನ ಹಿಂದೆ, ಕಾರುಗಳಿಲ್ಲದ ಹೊತ್ತು ನೋಡಿ.
"ಚಕ್ರ ನೋಡಬೇಡ ಸೂಗಾ, ಹೋಗುವಲ್ಲಿ ನೋಡು!"
ನನ್ನ ಹೆಸರು ಸುಗಂಧಿ. ಬೀಳುವಾಗ ಯಾರು ತಿದ್ದುತ್ತಾರೆ?

ಉಮ್ಮುಲ್ ಕುವೈನ್, ಬೆಳಿಗ್ಗೆ ಏಳು.
ಮೊದಲು ದೋಣಿ ರಿಪೇರಿಯ ಶೆಡ್ಡುಗಳು, ಫೈಬರಿನ ಧೂಳು,
ಆಮೇಲೆ ಎರಡು ನಾಯಿ, ಬೊಗಳಲೂ ಸೋಮಾರಿ,
ಆಮೇಲೆ ಕಾಂಡ್ಲಾ.
ಇಲ್ಲಿಯವರು ಕುರ್ಮ್ ಎನ್ನುತ್ತಾರೆ.
ಕೆಸರಿನ ತುಂಬ ಪೆನ್ಸಿಲು ನೆಟ್ಟ ಹಾಗೆ ಉಸಿರುಬೇರು.
ಒಂದು ಎಲೆ ನೆಕ್ಕಿದೆ. ಉಪ್ಪು.
ಕುಡಿದದ್ದನ್ನೆಲ್ಲ ಒಳಗೇ ಇಟ್ಟುಕೊಳ್ಳುವ ಜಾತಿಯಲ್ಲ ಈ ಮರ.

ಅಳಿವೆ ನೋಡಿಯೇ ಬೆಳೆದವಳು ನಾನು.
ನಮ್ಮಲ್ಲಿ ಐದು ಹೊಳೆ ಒಂದೇ ಬಾಯಿಗೆ ಬಂದು
ಕಡಲಿನ ಜೊತೆ ಜಗಳ ಕಾಯುತ್ತವೆ,
ಸಿಹಿಯೆಷ್ಟು ಉಪ್ಪೆಷ್ಟು ಎಂದು ಮೀನುಗಳಿಗೇ ಗೊಂದಲ.
ಇಲ್ಲಿ ಕಣ್ಣು ಹಾಯುವವರೆಗೆ ಹುಡುಕಿದೆ.
ಹೊಳೆಯೇ ಇಲ್ಲ.
ಕಡಲು ಒಬ್ಬಂಟಿ ಒಳಗೆ ಬರುತ್ತದೆ,
ಎದುರುಗೊಳ್ಳುವವರಿಲ್ಲದ ಮನೆಗೆ ಬಂದ ಹಾಗೆ
ಮರಳಿನವರೆಗೂ ಹೋಗಿ, ಸ್ವಲ್ಪ ಹೊತ್ತು ನಿಂತು,
ವಾಪಸ್ಸು.

ಆರನೇ ಕಿಲೋಮೀಟರಿನಲ್ಲಿ ದಾರಿ ಇರಲಿಲ್ಲ.

ನಿನ್ನೆ ಹುಣ್ಣಿಮೆ. ಮರೆತಿದ್ದೆ,
ಅಪ್ಪನ ಬೆರಳ ಗೆಣ್ಣಿನಲ್ಲಿ ತಿಥಿ ಎಣಿಸಿ
ಭರತ ಇಳಿತ ಹೇಳುತ್ತಿದ್ದ ನಾನು.
ತಗ್ಗಿನಲ್ಲಿ ಮೊಣಕಾಲುದ್ದ ನೀರು, ಸದ್ದಿಲ್ಲದೆ.
ಅದರಾಚೆ ಅದೇ ದಾರಿ
ಏನೂ ಆಗಿಲ್ಲವೆಂಬಂತೆ ಎದ್ದು ಹೋಗಿತ್ತು.

ಪಿಕಪ್ಪು ನಿಲ್ಲಿಸಿಕೊಂಡು ಒಬ್ಬ ಮುದುಕ, ಖಲ್ಫಾನ್,
ಬಲೆಯ ಮೇಲೆ ಕಾಲು ಚಾಚಿ ಕೂತಿದ್ದ.
ನೀರಿನತ್ತ ಗದ್ದ ಎತ್ತಿ ಒಂದೇ ಮಾತು:
"ಮದ್ದ್."

ಮದ್ದೇ?
ಯಾವ ಕಾಯಿಲೆಗೆ ಅಜ್ಜ, ಎಷ್ಟು ಹೊತ್ತಿಗೊಮ್ಮೆ?
ನಗು ಬಂತು, ಹೇಳಿದೆ; ಮಾರಿವಿಕ್ ಅವನಿಗೆ
ಮುರುಕು ಅರಬ್ಬಿಯಲ್ಲಿ ದಾಟಿಸಿದಳು.
ನನ್ನೂರಲ್ಲಿ ಅದು ಔಷಧಿ, ಇವಳೂರಲ್ಲಿ ತಾಓಬ್,
ಅವನಲ್ಲಿ ಏರಿಬರುವ ನೀರು.
ಅವನು ನಗಲಿಲ್ಲ. ಯೋಚಿಸಿದ.
ಫ್ಲಾಸ್ಕಿನಿಂದ ಹೆಬ್ಬೆರಳಷ್ಟು ಲೋಟಕ್ಕೆ ಕಹ್ವಾ ಬಗ್ಗಿಸಿ
ಮೂರು ಬೆರಳು ತೋರಿಸಿದ:
ಮೂರು ಲೋಟದ ಹೊತ್ತು, ಅಷ್ಟೇ.

ಸುಳ್ಳು. ಐದು ಲೋಟವಾಯಿತು.
ಏಡಿಯೊಂದು ನನ್ನ ಚಕ್ರದ ಕಡ್ಡಿಗಳ ನಡುವೆ
ಮನೆ ನೋಡಲು ಬಂದು, ಒಪ್ಪದೆ ಹೋಯಿತು.
ದೂರದಲ್ಲಿ ಫ್ಲೆಮಿಂಗೊಗಳು,
ತಲೆ ಬಗ್ಗಿಸಿ ಏನೋ ಕಳಕೊಂಡು ಹುಡುಕುವ ಹಾಗೆ.
ಎಷ್ಟು ವರ್ಷವಾಯಿತು ನಾನು
ಏನನ್ನೂ ಅಳೆಯದೆ ಕೂತು?

ಮೊದಲು ಒಂದು ಕಲ್ಲು ಕಂಡಿತು, ಆಮೇಲೆ ಟಯರಿನ ಗುರುತು,
ಆಮೇಲೆ ದಾರಿ, ಒದ್ದೆ, ಹೊಳಪು.
ಅಂಗೈಯಷ್ಟು ನೀರಿನಲ್ಲೇ ತುಳಿದೆವು.

ಹಿಂದಿರುಗುವಾಗ ಎದುರುಗಾಳಿ.
ಸುಲಭದ ದಾರಿಯೆಂದು ಹೇಳುವಾಗ
ಗಾಳಿಯ ಸುದ್ದಿ ಅವಳೇಕೆ ಎತ್ತಲಿಲ್ಲ?
ಮುಂದೆ ಅವಳ ಅಗಲ ಬೆನ್ನು; ಅದರ ಮರೆಯಲ್ಲಿ
ಚಕ್ರ ತಾನಾಗಿ ಉರುಳುತ್ತಿತ್ತು, ಹಿತವಾಗಿತ್ತು.
ಸ್ವಲ್ಪ ದೂರ ಹಾಗೇ ಬಂದೆ.
ಆಮೇಲೆ ಪಕ್ಕಕ್ಕೆ ಸರಿದು ತುಳಿದೆ.
ಬಾಯಲ್ಲಿ ಮರಳು.